ಬೆಂಟ್ಸಿಲ್ ಮಳಿಗೆಯ ಯಜಮಾನ

"ನೆಲಮಾಳಿಗೆಯಿಂದ ಯಾರಾದ್ರೂ 'ಆಗೊ' ಅಂದ್ರೆ ತುಟಿ ಬಿಚ್ಬೇಡ ಮಗಾ," ಎಂದಳು ಅರಾಬಾ. ಬೆಂಟ್ಸಿಲ್ ಮಳಿಗೆಯ ಕಮಾನಿನ ಕೆಳಗೆ ಮೀನು ಕರಿದು ಮಾರುವ ಮುದುಕಿ ಅವಳು.

ಪಾಳುಬಿದ್ದ ಆ ಮಳಿಗೆಯ ನಕ್ಷೆ ತೆಗೆಯಲು ಅಳತೆಯ ಟೇಪು ಹಿಡಿದು ರಾಜಧಾನಿ ಅಕ್ರಾದಿಂದ ಬಂದಿದ್ದ ಇಂಜಿನಿಯರ್ ಎಬೋ ನಕ್ಕ. "ಒಳಗೆ ಬರ್ಲಾ ಅಂತ ಕೇಳಿದ್ರೆ 'ಅಮೇ, ಬನ್ನಿ' ಅನ್ನೋದೂ ತಪ್ಪೇನಜ್ಜಿ?"

"ಹಾಗಂದೋನೇ ಆಮೇಲೆ ಇದರ ಯಜಮಾನ ಆಗ್ಬಿಡ್ತಾನೆ. ಹಿಂದೆ ಈ ಮಳಿಗೇಲಿ ಪಾಲು ಕೊಡದ ಅಣ್ಣನ ಮೇಲೆ ತಮ್ಮ ಹೊಳೆಬಾಯಲ್ಲಿ ಮೊಟ್ಟೆ ಒಡೆದು ಶಾಪ ಹಾಕಿದಾನೆ. ಈ ಮನೆ ಯಜಮಾನ ಹೊಸ್ತಿಲು ದಾಟಬಾರ್ದು ಅಂತ."

"ಬಾಡಿಗೆ ಉಳೀತು ಬಿಡು."

"ನಗು, ನಗು. ನಾಳೆ ಮಗಳಿಗೆ ಹೆಸರಿಡಬೇಕಾದೋನು ನೀನು."

ಅದು ನಿಜ. ಎಂಟನೆಯ ದಿನ ತಂದೆ ಹೆಸರು ಕೊಟ್ಟ ಮೇಲೆಯೇ ಮಗು ಅವನ ಮನೆತನದ್ದಾಗುವುದು. ಎಬೋ ತೀರಿಹೋದ ತನ್ನ ತಾಯಿಯ ಹೆಸರನ್ನು ಯಾರಿಗೂ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದ. ಸಂಜೆಯ ಬಸ್ಸು ಹಿಡಿಯುವುದರೊಳಗೆ ನಕ್ಷೆ ಮುಗಿಯಬೇಕಿತ್ತು. ನಕ್ಷೆಯಿದ್ದರೆ ಕಟ್ಟಡ ಉಳಿಯುತ್ತದೆ, ಇಲ್ಲದಿದ್ದರೆ ಕೆಡವುತ್ತಾರೆ.

ಒಳಗೆ ಮಧ್ಯಾಹ್ನವೇ ಇರಲಿಲ್ಲ. ಮರದ ಅಡ್ಡಪಟ್ಟಿಗಳ ಕಿಟಕಿಗಳು ಬೆಳಕನ್ನು ಗೀರುಗೀರಾಗಿ ಕೊಯ್ದು ಬಿಸಾಡಿದ್ದವು. ಹಡಗಿನ ತಳಕ್ಕೆ ಭಾರಕ್ಕೆಂದು ತುಂಬಿ ತಂದ ಕಲ್ಲುಗಳಿಂದಲೇ ಕಟ್ಟಿದ ಮೊಳದಪ್ಪದ ಗೋಡೆಗಳು ಉಪ್ಪು ಬೆವರುತ್ತಿದ್ದವು. ಹಳೆಯ ತಾಳೆಎಣ್ಣೆಯ ಕಮಟು, ಬಾವಲಿಗಳ ಗಬ್ಬು. ಮೇಲಿನ ಮೊಗಸಾಲೆಗೆ ಹೋಗುವ ಮರದ ಮೆಟ್ಟಿಲು ಯಾರೂ ತುಳಿಯದೆಯೇ ನರಳಿತು. ಎಬೋ ಒಳಗಿನ ಕಮಾನಿಗೆ ಟೇಪು ಹಿಡಿದ. ಇಷ್ಟು ಅಗಲದ ಕಮಾನು ಒಂದೂ ಕಂಬವಿಲ್ಲದೆ ಹೇಗೆ ನಿಂತಿತು? ಯೋಚನೆಯಲ್ಲಿ ಮುಳುಗಿದ.

"ಆಗೊ."

ದಣಿದ, ಮರ್ಯಾದಸ್ಥ ದನಿ.

"ಅಮೇ," ಎಂದ ಎಬೋ.

ಅವನು ಹೇಳಲಿಲ್ಲ, ಬಾಯಿ ಹೇಳಿತು. ಮಾತು ಕಲಿತಂದಿನಿಂದ ಅವ್ವ ತಲೆಗೆ ಮೊಟಕಿ ಮೊಟಕಿ ರೂಢಿಮಾಡಿಸಿದ್ದ ಉತ್ತರ.

ಕೆಳಗೆ ಬಾಗಿಲು ಕಿರುಗುಟ್ಟಿತು. ಹೆಜ್ಜೆ. ಇನ್ನೊಂದು ಹೆಜ್ಜೆ. ಒದ್ದೆ ಗೋಣಿಯ ವಾಸನೆ. ಕತ್ತಲು ಅವನ ಭುಜಕ್ಕೆ ಉಜ್ಜಿಕೊಂಡು ಹೋಯಿತು. ಟೇಪು ಬಿತ್ತು. ಎಬೋ ಓಡಿದ. ಬಾಗಿಲು ತೆರೆದೇ ಇತ್ತು. ಆಚೆ ಬಿಸಿಲು. ಹೊಸ್ತಿಲು. ಕಾಲು ನಿಂತಿತು. ಯಾರೂ ಹಿಡಿದಿರಲಿಲ್ಲ. ಕಾಲಿಗೆ ಹೋಗಬೇಕೆನ್ನಿಸಲಿಲ್ಲ, ಅಷ್ಟೇ.

ಹೊರಗೆ ಅವನದೇ ಅಂಗಿ, ಅವನದೇ ಬೆನ್ನು.

"ಮುಗೀತಾ ಇಂಜಿನಿಯರ್ರೇ? ಯಾರಾದ್ರೂ ಕರೆದ್ರಾ?" ಅರಾಬಾ ಕೇಳಿದಳು.

"ಯಾರೂ ಇಲ್ಲಜ್ಜಿ," ಎಂದಿತು ಅವನದೇ ದನಿ.

ಎಬೋ ಕೂಗಿದ. ಮುದುಕಿ ತಲೆಯೆತ್ತಲಿಲ್ಲ.

"ಹಾಗಾದ್ರೆ ಓಡು, ಬಸ್ ಬಿಟ್ಟೀತು. ಮಗೂಗೆ ಒಳ್ಳೇ ಹೆಸರಿಡು."

"ಹೆಸರು ಆಗ್ಲೇ ಸಿಕ್ಕಿದೆ."

ಎಬೋ ತಾಯಿಯ ಹೆಸರನ್ನು ನೆನೆಯಲು ನೋಡಿದ. ಅದು ಇದ್ದ ಜಾಗ ಬರಿದಾಗಿತ್ತು, ಕಿತ್ತ ಹಲ್ಲಿನ ಗುಣಿಯ ಹಾಗೆ. ನೋವೂ ಇರಲಿಲ್ಲ. ಅಳು ಬರುತ್ತದೇನೋ ಎಂದು ಕೊಂಚ ಕಾದ. ಬರಲಿಲ್ಲ.

ಒಳಗೆ ಮಳಿಗೆಯ ಗಲ್ಲಾದ ಮೇಲೆ ಬಹಳ ಧೂಳಿತ್ತು. ಅಂಗೈಯಿಂದ ಒರೆಸತೊಡಗಿದ.