ಪಂಚಕ ಮುಗಿಯುವ ತನಕ

"ನಾಳೆ ಹೊತ್ತುಟ್ಟಿದ್ರೆ ಪಂಚಕ! ಅಷ್ಟ್ರೊಳಗೆ ಆ ಟೀಚರಮ್ಮನ್ನ ಈ ಮನೆಯಿಂದ ಆಚೆ ಕಳಿಸ್ಬೇಕು ವನಜಾ. ನೀನೇ ಆಯಮ್ಮಂಗೆ ಏಳ್ಬೇಕು. ನಿನ್ನ ಮಾತಾದ್ರೆ ಆಯಮ್ಮ ಕೇಳ್ತದೆ."

ಪಿಳ್ಳಮ್ಮ ಗೋಡೆಯ ಕ್ಯಾಲೆಂಡರನ್ನು ಮೊಳೆಸಮೇತ ಕಿತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹಾಕಿದ್ದಳು. ಸೊಸೆ ವನಜಾ ಟೀಚರ್‌ಗೆಂದು ರಾಗಿ ಗಂಜಿ ಆರಿಸುತ್ತಾ ನಿಂತವಳು ಅತ್ತೆಯ ಮುಖವನ್ನೇ ನೋಡಿದಳು. ಅತ್ತೆ ತಮಾಷೆ ಮಾಡುವ ಹೆಂಗಸಲ್ಲ.

ವರ್ತೂರಿನ ಆ ಕೇರಿಯಲ್ಲಿ ಪಂಚಕ ಎಂದರೆ ಎಂಥ ಗಟ್ಟಿಗರೂ ದನಿ ತಗ್ಗಿಸುತ್ತಾರೆ. ಧನಿಷ್ಠೆಯಿಂದ ರೇವತಿಯವರೆಗಿನ ಐದು ನಕ್ಷತ್ರಗಳ ಹೊತ್ತಿನಲ್ಲಿ ಮನೆಯೊಳಗೆ ಯಾರಾದರೂ ಉಸಿರು ಬಿಟ್ಟರೆ ಆ ಮನೆಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳು ಕಟ್ಟಿ, ತಿಂಗಳುಗಟ್ಟಲೆ ಬೇರೆ ಕಡೆ ಇರಬೇಕು. ಇಲ್ಲದಿದ್ದರೆ ಸತ್ತವರು ಜೊತೆಗೆ ಇನ್ನೊಬ್ಬರನ್ನು ಕರೆದುಕೊಳ್ಳುತ್ತಾರಂತೆ. ಹೊಲಗಳೆಲ್ಲ ಅಪಾರ್ಟ್‌ಮೆಂಟುಗಳಾದವು, ಕೆರೆ ನೊರೆ ಕಾರಿತು, ರಾಗಿ ಕಣವಿದ್ದ ಜಾಗದಲ್ಲಿ ಕಾರು ತೊಳೆಯುವ ಅಂಗಡಿ ಬಂತು. ಈ ಭಯ ಮಾತ್ರ ಕೂತಲ್ಲಿಂದ ಕದಲಿಲ್ಲ.

ಸಾಯುತ್ತಿದ್ದವರು ಹಿಂದಿನ ರೂಮಿನ ಈಶ್ವರಮ್ಮ ಟೀಚರ್. ಊರಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ವನಜಾ ಈ ಮನೆಗೆ ಸೊಸೆಯಾಗಿ ಬರುವ ಮೊದಲಿನಿಂದಲೂ ಅವರು ಅದೇ ರೂಮಿನ ಬಾಡಿಗೆದಾರರು. ಈಗ ಹೊಟ್ಟೆಯೊಳಗಿನ ಗೆಡ್ಡೆ ಅವರನ್ನು ಹಿಂಡಿ ಹಿಪ್ಪೆ ಮಾಡಿತ್ತು. ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಯಲ್ಲಿ ನೆಮ್ಮದಿಯಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಕಳಿಸಿದ್ದರು. ಆ ದಿನ ಟೀಚರ್ ವನಜಾಳ ಕೈ ಹಿಡಿದು ಒಂದೇ ಒಂದು ಮಾತು ಕೇಳಿದ್ದರು: "ಇನ್ನೊಂದ್ಸಲ ಆಸ್ಪತ್ರೆಗೆ ಮಾತ್ರ ಕಳಿಸ್ಬೇಡ ಕಣೇ. ಗುರುತಿಲ್ಲದವರ ಮಧ್ಯೆ ಸಾಯೋಕೆ ನನಗೆ ಭಯ." ವನಜಾ ಮಾತು ಕೊಟ್ಟಿದ್ದಳು.

"ಅತ್ತೆ, ಅವರಿಗೆ ಯಾರಿದಾರೆ? ಎಲ್ಲಿಗೆ ಅಂತ ಕಳಿಸೋದು? ನಿಮ್ಮ ಕಾಲಿಗೆ ಬೀಳ್ತೀನಿ..."

"ಬೀಳ್ಬೇಡ! ನಾನೇನು ರಾಕ್ಷಸೀನಾ?" ಪಿಳ್ಳಮ್ಮ ದನಿ ಏರಿಸಿದಳು. "ನಿಮ್ಮಾವ ಪಂಚಕದಾಗೆ ತೀರ್ಕೊಂಡ್ರು. ಕಾಲ ಬದಲಾಗೈತೆ, ಇದೆಲ್ಲಾ ಸುಳ್ಳು ಅಂದ ನನ್ನ ದೊಡ್ಡ ಮಗ. ಬೀಗ ಆಕ್ಲಿಲ್ಲ, ಶಾಂತಿ ಮಾಡ್ಸಿಲ್ಲ. ಏನಾಯ್ತು? ವರ್ಸ ತುಂಬೋಕ್ಮುಂಚೆ ಅದೇ ಮಗ, ನನ್ನ ಚಿರಂಜೀವಿ, ಕೆರೆ ರಸ್ತೇಲಿ ನೀರಿನ ಟ್ಯಾಂಕರ್ ಕೆಳಗೆ... ಚಿರಂಜೀವಿ ಅಂತ ಎಸ್ರಿಟ್ರೂ ಬದುಕ್ಲಿಲ್ವಲ್ಲೇ ನನ್ನ ಕಂದ! ಸಂಕ್ರಾಂತಿ ಕಳೀತಿದ್ದಂಗೆ ಕೃಪಾ ಮದ್ವೆ. ಬಾಗ್ಲಿಗೆ ಮುಳ್ಳು ಕಟ್ಕೊಂಡು ಚಪ್ರ ಎಲ್ಲಿ ಆಕ್ಲಿ? ಇರೋ ಒಬ್ಬ ಮಗನ್ನ ಯಾವ ಮುಖ ಇಟ್ಕೊಂಡು ಪಣಕ್ಕೆ ಇಡ್ಲಿ? ಏಳು!"

ವನಜಾ ಬಟ್ಟಲು ಹಿಡಿದುಕೊಂಡು ಹಜಾರಕ್ಕೆ ಬಂದಳು. ಅವಳ ಗಂಡ ನಂದೀಶ್ ಶೂ ಲೇಸು ಕಟ್ಟುತ್ತಾ ಕೂತಿದ್ದ. ಒಳಗಿನ ಮಾತೆಲ್ಲ ಕೇಳಿಸಿತ್ತು ಎನ್ನುವುದು ಅವನು ಲೇಸನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದುದರಲ್ಲೇ ಗೊತ್ತಾಗುತ್ತಿತ್ತು.

"ರೀ... ನಿಮಗೂ ಅಕ್ಷರ ಕಲಿಸಿದೋರು ಅವರು. ನೀವಾದ್ರೂ ಅತ್ತೆಗೆ ಒಂದು ಮಾತು ಹೇಳಿ."

"ಅಮ್ಮನ ವಿಷಯ ನಿನಗೆ ಗೊತ್ತಿಲ್ವಾ ವನಜಾ? ಆಸ್ಪತ್ರೆಗೆ ಸೇರಿಸೋಣ. ಟ್ರೀಟ್‌ಮೆಂಟ್‌ಗೆ ಅಂತ ಹೇಳು. ಐದು ದಿನ ತಾನೆ... ಆಮೇಲೆ ನೋಡಿದ್ರಾಯ್ತು." ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂಬ ಜಾತಿಯ ಗಂಡಸು. ಕೆಟ್ಟವನಲ್ಲ, ಆದರೆ ಅಷ್ಟಿದ್ದರೆ ಸಾಕೇ?

ನಾದಿನಿ ಕೃಪಾ ಬಾಗಿಲ ಮರೆಯಿಂದ ಬಂದು ಅವಳ ಭುಜಕ್ಕೆ ತಲೆಯಿಟ್ಟಳು. ಎರಡು ಸಂಬಂಧ ನಿಶ್ಚಯದವರೆಗೆ ಬಂದು ಮುರಿದಿದ್ದ ಹುಡುಗಿ. ವನಜಾ ಈ ಮನೆಗೆ ಬಂದಾಗ ಇನ್ನೂ ಲಂಗ ಹಾಕುತ್ತಿದ್ದವಳು, ಅತ್ತಿಗೆಯ ಕೈತುತ್ತಿನಲ್ಲೇ ಬೆಳೆದವಳು. "ಅತ್ತಿಗೆ, ಇದೂ ತಪ್ಪಿ ಹೋದ್ರೆ ನಾನು ಉಳಿಯಲ್ಲ" ಎಂದು ಪಿಸುಗುಟ್ಟಿ ಅತ್ತಳು. ಅಯ್ಯೋ ದೇವರೇ! ಅತ್ತ ದರಿ, ಇತ್ತ ಪುಲಿ. ವನಜಾ ಅವಳ ಕಣ್ಣೊರೆಸಿ, ತಣ್ಣಗಾದ ಗಂಜಿ ಹಿಡಿದು ಹಿತ್ತಿಲ ಕಡೆ ನಡೆದಳು.

ಆ ಹತ್ತು ಹೆಜ್ಜೆ ಮುಗಿಯಲೇ ಇಲ್ಲ. ಕಾಲು ಮುಂದೆ ಹೋದಷ್ಟೂ ಮನಸ್ಸು ಹಿಂದಕ್ಕೆ ಹೋಗುತ್ತಿತ್ತು, ಗುಂಜೂರಿನ ತವರಿಗೆ. ತಾಯಿಯಿಲ್ಲದ ಹುಡುಗಿ ಏಳನೇ ಕ್ಲಾಸಿನಲ್ಲಿದ್ದಾಗ, ಪಬ್ಲಿಕ್ ಪರೀಕ್ಷೆ ಇನ್ನೇನು ಬಂತು ಎನ್ನುವಾಗ, ದೊಡ್ಡವಳಾದಳು. ದೊಡ್ಡಮ್ಮ ಅಂಗಳದ ಮೂಲೆಯಲ್ಲಿ ತೆಂಗಿನ ಗರಿಯ ಗುಡಿಸಲು ಹಾಕಿಸಿ, ತಟ್ಟೆ ಲೋಟ ಬೇರೆ ಮಾಡಿ, ಹೊರಗೆ ಕೂರಿಸಿದಳು. ಪರೀಕ್ಷೆಯಂತೆ ಪರೀಕ್ಷೆ! ಮೈಲಿಗೆ ಹೊತ್ತುಕೊಂಡು ಬೀದಿ ಸುತ್ತುತ್ತೀಯಾ ಎಂದು ಗದರಿದಳು. ಗರಿಯ ಸಂದಿಯಿಂದ ಶಾಲೆಗೆ ಹೋಗುವ ಗೆಳತಿಯರನ್ನು ನೋಡಿ ನೋಡಿ ಹುಡುಗಿ ಅಳುತ್ತಿದ್ದಳು.

ಆಗ ಬಂದವರು ಅವಳು ಓದುತ್ತಿದ್ದ ವರ್ತೂರು ಶಾಲೆಯ ಈಶ್ವರಮ್ಮ ಟೀಚರ್. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದರು. ಅಂಗಳದಲ್ಲಿ ಹಾಕಿದ ಕುರ್ಚಿಯನ್ನು ಬಿಟ್ಟು ನೇರವಾಗಿ ಗುಡಿಸಲೊಳಗೆ ತೂರಿ, ಚಾಪೆಯ ಮೇಲೆ ಅವಳ ಪಕ್ಕದಲ್ಲಿ ಕೂತುಬಿಟ್ಟರು. ದೊಡ್ಡಮ್ಮ ಹಾ ಹಾ ಎನ್ನುವಷ್ಟರಲ್ಲಿ ಹುಡುಗಿಯ ತಟ್ಟೆಯಲ್ಲಿದ್ದ ಉಪ್ಪಿಟ್ಟಿಗೇ ಕೈ ಹಾಕಿ ತಿಂದರು. "ಮುಟ್ಟಿದ್ದಾಯ್ತು, ತಿಂದಿದ್ದೂ ಆಯ್ತು. ಮೈಲಿಗೆ ಏನಿದ್ರೂ ಇನ್ನು ನನ್ನ ತಲೆ ಮೇಲಿರ್ಲಿ. ಮಗು ಪರೀಕ್ಷೆ ಬರೀಲಿ. ದಿನಾ ನಾನೇ ಕರ್ಕೊಂಡು ಹೋಗಿ ನಾನೇ ತಂದು ಇಲ್ಲೇ ಕೂರಿಸ್ತೀನಿ" ಎಂದರು. ಹಾಗೆಯೇ ಮಾಡಿದರು. ಶಾಲೆಯಲ್ಲಿ ಹುಡುಗಿಯರು ಕಿಸಕ್ಕನೆ ನಕ್ಕಾಗ, "ವನಜಾಗೆ ಜ್ವರ, ಯಾರೂ ತೊಂದರೆ ಕೊಡಬೇಡಿ" ಎಂದು ಹೇಳಿ ಮುಚ್ಚಿಟ್ಟರು. ಬಾಯಿಬಿಟ್ಟು ಕೇಳುವ ಅವಮಾನ ಎದುರಿನವರಿಗೆ ಬರದಂತೆ ನೋಡಿಕೊಳ್ಳುವುದು ಆಕೆಯ ದೊಡ್ಡ ಗುಣ. ಅವತ್ತು ಬರೆದ ಪರೀಕ್ಷೆಯಿಂದಲೇ ವನಜಾ ಹೈಸ್ಕೂಲು ಕಂಡಳು, ಇವತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದಾಳೆ.

ಹೊರಗೆ ಕೂತವಳನ್ನು ಒಳಗೆ ಕರೆದುಕೊಂಡವರು ಅವರು. ಒಳಗೆ ಮಲಗಿದ ಅವರನ್ನು ಹೊರಗೆ ಕಳಿಸಬೇಕಾದವಳು ಇವಳು!

ಟೀಚರ್ ದಿಂಬಿಗೆ ಒರಗಿ ಕಣ್ಣು ಮುಚ್ಚಿದ್ದರು. ವನಜಾ ಮಂಚದ ಬದಿಯಲ್ಲಿ ಕೂತು ಚಮಚ ಎತ್ತಿದಳು. ಎತ್ತಿದ ಚಮಚ ಹಾಗೇ ನಿಂತಿತು. "ಟೀಚರ್..." ಎಂದಳು.

ಟೀಚರ್ ಕಣ್ಣು ತೆರೆದರು. ಅವಳ ಮುಖ ನೋಡಿದರು.

"ವನಜಾ, ನಾನೇ ನಿನ್ನ ಕರೀಬೇಕು ಅಂತಿದ್ದೆ. ಬೆಳಗ್ಗೆಯಿಂದ ಯಾಕೋ ಎದೆ ಹಿಡ್ಕೊಂಡಂಗೆ ಆಗ್ತಿದೆ. ನನ್ನ ಆಸ್ಪತ್ರೆಗೆ ಸೇರಿಸ್ಬಿಡು ಕಣೇ. ಅಲ್ಲಾದ್ರೆ ಆಕ್ಸಿಜನ್ನು ಗೀಕ್ಸಿಜನ್ನು ಕೊಡ್ತಾರೆ."

"ಟೀಚರ್! ನೀವೇ ಹೇಳಿದ್ರಲ್ಲ, ಆಸ್ಪತ್ರೆ ಬೇಡ ಅಂತ..."

"ಆಗ ಏನೋ ಅಂದೆ. ಮುದುಕರ ಮಾತು, ಇವತ್ತೊಂದು ನಾಳೆಯೊಂದು. ನಂದೀಶಂಗೆ ಕಾರು ತೆಗೆಯೋಕೆ ಹೇಳು, ಹೋಗು."

ಅಡುಗೆಮನೆಗೂ ಆ ರೂಮಿಗೂ ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ಪಿಳ್ಳಮ್ಮನ ಗಂಟಲು ಕೇರಿಯ ತುದಿಗೆ ಕೇಳಿಸುವಂಥದು. ವನಜಾಗೆ ಎಲ್ಲ ತಿಳಿಯಿತು. ಅಮ್ಮಾ, ನೀವು ಸುಳ್ಳು ಹೇಳುತ್ತಿದ್ದೀರಿ, ನನಗೋಸ್ಕರ ಹೇಳುತ್ತಿದ್ದೀರಿ ಎಂದು ಕೂಗಿಕೊಳ್ಳಬೇಕೆನಿಸಿತು. ಇಲ್ಲೇ ಇರಿ, ಬಂದದ್ದು ಬರಲಿ ಎನ್ನಬೇಕಿತ್ತು. ಆದರೆ ಅವಳು ಅನ್ನಲಿಲ್ಲ! ಆ ಸುಳ್ಳನ್ನು ಕಣ್ಣಿಗೊತ್ತಿಕೊಂಡು ಸ್ವೀಕರಿಸಿದಳು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಹಾಗೆ ಇಳಿದದ್ದಕ್ಕೇ ತನ್ನ ಮೇಲೆ ಅಸಹ್ಯವಾಯಿತು.

ನಂದೀಶ್ ಟೀಚರನ್ನು ಎತ್ತಿಕೊಂಡು ಕಾರಿನಲ್ಲಿ ಕೂರಿಸಿದ, ವನಜಾ ಅವರ ಪಕ್ಕ ಹತ್ತಿ ಕೂತಳು. ಪಿಳ್ಳಮ್ಮ ಬಾಗಿಲಲ್ಲಿ ನಿಂತು, "ಉಸಾರಾಗಿ ಬನ್ನಿ ಟೀಚರಮ್ಮಾ" ಎಂದಳು. ಟೀಚರ್ ಕೈ ಜೋಡಿಸಿ, "ಕೃಪಾ ಮದುವೆ ಚೆನ್ನಾಗಿ ಆಗ್ಲಿ" ಎಂದು ಹರಸಿದರು. ಕಾರು ತಿರುವು ದಾಟುವ ಮುಂಚೆಯೇ ವನಜಾ ಹಿಂತಿರುಗಿ ನೋಡಿದಳು. ಅತ್ತೆ ಸಗಣಿ ನೀರಿನ ಬಕೆಟ್ಟು ಹಿಡಿದು ಹಿಂದಿನ ರೂಮಿನ ಹೊಸ್ತಿಲ ಕಡೆ ಹೊರಟಿದ್ದಳು. ಟೀಚರ್ ನೋಡಿದರೋ ಇಲ್ಲವೋ ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಕಕ್ಕಸು ಕೋಣೆಯ ಪಕ್ಕದಲ್ಲಿ ಒಂದು ಮಂಚ ಸಿಕ್ಕಿತು. ರಾತ್ರಿ ಜೊತೆಗಿರುತ್ತೇನೆಂದರೆ, ಮನೆ ತುಂಬ ಮದುವೆ ಕೆಲಸ ಬಿದ್ದಿದೆ ಎಂದು ಅತ್ತೆ ಬಿಡಲಿಲ್ಲ. ವನಜಾ ಸಂಜೆ ಸಂಜೆ ಓಡಿ ಬರುತ್ತಿದ್ದಳು. ಟೀಚರ್ ನೋವನ್ನು ಹೇಳುತ್ತಿರಲಿಲ್ಲ. ಪಕ್ಕದ ಮಂಚದವಳ ಮಗಳು ಏನು ಓದುತ್ತಿದ್ದಾಳೆ, ಕೃಪಾಳ ಧಾರೆ ಸೀರೆಯ ಬಣ್ಣ ಏನು, ಇಂಥದ್ದನ್ನೇ ಕೇಳುತ್ತಿದ್ದರು. ಒಂದು ದಿನ ಮಾತ್ರ, ಅವಳು ಹೊರಡಲು ಎದ್ದಾಗ, ಸೆರಗಿನ ಚುಂಗು ಹಿಡಿದುಕೊಂಡು, "ಇನ್ನೊಂದು ಸ್ವಲ್ಪ ಹೊತ್ತು ಇರ್ತೀಯಾ?" ಎಂದರು. ಕೊನೆಯ ಬಸ್ಸು ತಪ್ಪುತ್ತದೆಂದು ಅವಳು ಮೆಲ್ಲಗೆ ಬೆರಳು ಬಿಡಿಸಿಕೊಂಡು ಬಂದಳು.

ಯಾರೂ ಎಣಿಸದಿದ್ದದ್ದು ನಡೆಯಿತು. ಪಂಚಕ ಮುಗಿಯಿತು, ಟೀಚರ್ ಬದುಕಿದ್ದರು! ವನಜಾ ಅಂಗನವಾಡಿಯಿಂದ ಓಡುತ್ತಲೇ ಮನೆಗೆ ಬಂದು ಅತ್ತೆಯ ಮುಂದೆ ಕೂತಳು.

"ಅತ್ತೆ, ಪಂಚಕ ಕಳೀತು. ಈಗಲಾದ್ರೂ ಕರ್ಕೊಂಡು ಬರ್ಲಾ? ನಾಳೇನೇ ಹೋಗ್ತೀನಿ."

ಪಿಳ್ಳಮ್ಮ ಹೂವು ಕಟ್ಟುತ್ತಿದ್ದಳು. ಮುಖ ಮೆತ್ತಗಾಯಿತು. "ಕರ್ಕೊಂಬಾ. ನನಗೇನು ಆಯಮ್ಮನ ಮೇಲೆ ಅಗೆತನವಾ? ನನ್ನ ಮಕ್ಳಿಗೆ ಇದ್ಯೆ ಕೊಟ್ಟ ತಾಯಿ. ಆದ್ರೆ ನಾಳೆ ವೈಕುಂಠ ಏಕಾದ್ಸಿ. ಮಡೀಲಿ ಉಪ್ವಾಸ ಇದ್ದು ವೈಕುಂಠದ ಬಾಗ್ಲು ದಾಟ್ತೀವಿ ಅಂತ ಕೃಪಾ ಮದ್ವೆಗೆ ಅರಕೆ ಒತ್ತಿದೀನಿ. ನೀನೂ ಬರ್ಬೇಕು. ಆಸ್ಪತ್ರೆ ಮೈಲಿಗೆ ನಾಳೆ ಒಂದಿನ ಬ್ಯಾಡ. ನಾಡಿದ್ದು ದ್ವಾದಸಿ, ಬೆಳಗ್ಗೇನೇ ಓಗಿ ಕರ್ಕೊಂಬಾ."

ಒಂದೇ ಒಂದು ದಿನ. ಇಷ್ಟು ದಿನ ಕಾದವರು ಇನ್ನೊಂದು ದಿನ ಕಾಯುವುದಿಲ್ಲವೇ? ವನಜಾ ತಲೆಯಾಡಿಸಿದಳು. ಹಿಂದಿನ ರೂಮಿಗೆ ಹೋಗಿ ಕಸ ಗುಡಿಸಿ, ಹಾಸಿಗೆಗೆ ಒಗೆದ ಚಾದರ ಹಾಸಿ, ಕಿಟಕಿ ತೆರೆದಿಟ್ಟಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗು ಕಂಡಿತು.

ಏಕಾದಶಿಯ ಬೆಳಗ್ಗೆ ದೇವಸ್ಥಾನದ ಸಾಲು ಬಸ್ ಸ್ಟಾಪಿನವರೆಗೆ ಬೆಳೆದಿತ್ತು. ಎರಡೂ ಬದಿಗೆ ಬೊಂಬು ಕಟ್ಟಿ, ಜನರನ್ನು ಒಬ್ಬರ ಹಿಂದೆ ಒಬ್ಬರಂತೆ ಬಿಡುತ್ತಿದ್ದರು. ದೂರದಲ್ಲಿ ಹೂವಿನಿಂದ ಮುಚ್ಚಿಹೋದ ವೈಕುಂಠದ ಬಾಗಿಲು ಕಾಣುತ್ತಿತ್ತು. ಗೋವಿಂದಾ ಗೋವಿಂದಾ ಎಂಬ ಕೂಗಿನ ನಡುವೆ ವನಜಾಳ ಫೋನು ಬಡಿದುಕೊಂಡಿತು. ಒಂದು ಕಿವಿ ಮುಚ್ಚಿಕೊಂಡು ಕೇಳಿದಳು.

"ಈಶ್ವರಮ್ಮ ಅವರ ಕಡೆಯವರಾ ಮೇಡಂ? ಬೆಳಗ್ಗೆ ಹೋಗ್ಬಿಟ್ರು. ರಾತ್ರಿಯೆಲ್ಲ ನಿಮ್ಮ ಹೆಸರು ಕರೀತಿದ್ರು. ಬೇಗ ಬನ್ನಿ, ಬಾಡಿ ಶಿಫ್ಟ್ ಮಾಡ್ಬೇಕು" ಎಂದಿತು ನರ್ಸಿನ ದನಿ.

ವನಜಾ ಬೊಂಬನ್ನು ಹಿಡಿದುಕೊಂಡು ಕುಸಿದಳು. "ಏನಾಯ್ತೇ? ಯಾರು?" ಎಂದು ಅತ್ತೆ ಹಿಡಿದು ಅಲುಗಿಸಿದಾಗ, "ಟೀಚರ್ ಹೋದ್ರು" ಎಂದಷ್ಟೇ ಹೇಳಿದಳು.

ಪಿಳ್ಳಮ್ಮನ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತು. ಎರಡೂ ಕೈ ತಲೆಯ ಮೇಲಕ್ಕೆತ್ತಿ ಮುಗಿದಳು. "ಅಯ್ಯೋ ನನ್ನ ತಾಯಿ! ಎಂಥಾ ಪುಣ್ಯವಂತೆ! ವೈಕುಂಠದ ಬಾಗ್ಲು ತೆಗ್ದಿರೋ ದಿನ ಸಾಯೋಕೆ ಏಳು ಜನ್ಮದ ಪುಣ್ಯ ಬೇಕಲ್ಲಮ್ಮಾ!" ಮುಂದೆ ನಿಂತಿದ್ದ ಹೆಂಗಸು ಏನೆಂದು ತಿರುಗಿದಾಗ, "ನಮ್ಮನೇಲಿದ್ದ ಟೀಚರಮ್ಮ, ಈಗ್ತಾನೆ ಓದ್ರಂತೆ ಕಣಮ್ಮಾ. ನಮ್ಮ ಮಕ್ಳಿಗೆಲ್ಲಾ ಪಾಠ ಏಳಿದೋರು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಹಾ, ಏಕಾದಶಿ ದಿನ! ಆ ಮನೇನೇ ಪಾವನ ಆಯ್ತು ಬಿಡಿ. ನಿಮ್ಮನೇಲೇ ಪ್ರಾಣ ಹೋಯ್ತಾ?"

ಪಿಳ್ಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇಲ್ಲ" ಎಂದಳು ವನಜಾ, ಎದ್ದು ನಿಂತು. ಅತ್ತೆಯ ಮುಂದೆ ಅವಳ ದನಿ ಅಷ್ಟು ಗಟ್ಟಿಯಾಗಿ ಎಂದೂ ಬಂದಿರಲಿಲ್ಲ. "ಅವರನ್ನ ನಾವು ಮನೆಯಿಂದ ಆಚೆಗೆ ಹಾಕಿದ್ವಿ. ಸಾಯೋಕೆ ಜಾಗ ಕೊಡ್ಲಿಲ್ಲ. ಅತ್ತೆ ಒಬ್ಬರೇ ಅಲ್ಲ... ನಾನೂ."

ಹೆಂಗಸು ಬೆಚ್ಚಿ ಮುಂದಕ್ಕೆ ತಿರುಗಿಕೊಂಡಳು. ಪಿಳ್ಳಮ್ಮ ಸೊಸೆಯ ಕೈ ಹಿಡಿಯಲು ಬಂದಳು. ವನಜಾ ಕೈ ಕೊಡಲಿಲ್ಲ. ಬೊಂಬಿನ ಕೆಳಗೆ ನುಸುಳಿ ಹೊರಬೀಳಲು ನೋಡಿದಳು. ಹಿಂದೆಲ್ಲ ಜನ, ಒಂದು ಮಗು ಕೂಡ ತೂರಲಾರದಷ್ಟು ಜನ. ಹಸಿರು ಶಾಲು ಹೊದ್ದ ಸ್ವಯಂಸೇವಕನೊಬ್ಬ ಓಡಿ ಬಂದು ತಡೆದ.

"ಅಕ್ಕಾ, ಈ ಕಡೆಯಿಂದ ಬಿಡಲ್ಲ. ಏನೇ ಅರ್ಜೆಂಟ್ ಇದ್ರೂ ಆ ಬಾಗಿಲಿಂದಾನೇ ಆಚೆ ಹೋಗ್ಬೇಕು. ಬೇರೆ ದಾರಿ ಇಲ್ಲ, ನಡೀರಿ."

ಹಿಂದಿನವರು ನೂಕಿದರು. ವನಜಾ ನಡೆದಳು. ಹೂವಿನ ಬಾಗಿಲ ಕೆಳಗೆ ಎಲ್ಲರೂ ಕೈ ಮುಗಿದರು, ಗೋವಿಂದಾ ಎಂದು ಕೂಗಿದರು. ಅವಳು ಕೈ ಎತ್ತಲಿಲ್ಲ, ತಲೆ ಎತ್ತಲಿಲ್ಲ, ಏನನ್ನೂ ಬೇಡಿಕೊಳ್ಳಲಿಲ್ಲ. ಬಾಗಿಲು ದಾಟಿ, ತೀರ್ಥಕ್ಕೆ ಕೈ ಚಾಚಿದವರನ್ನು ಸರಿಸಿಕೊಂಡು, ಚಪ್ಪಲಿಯನ್ನೂ ಹುಡುಕದೆ, ಆಸ್ಪತ್ರೆಯ ಬಸ್ಸು ಬರುವ ರಸ್ತೆಗೆ ಓಡಿದಳು.