ನೀಲಿ ಕಿಟಕಿಯ ಒಡತಿ

ಗ್ರಂಥಪಾಲಕ ಫೋನಿನಲ್ಲಿ ಯಾರಿಗೋ “ಏನೇ, ಇನ್ನೂ ಎದ್ದಿಲ್ವಾ?” ಎಂದ. ಎದುರಿನ ಮೇಜಿನಲ್ಲಿ ಕೂತಿದ್ದ ಪತ್ತೇದಾರಿಯ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

ಆ ‘ಏನೇ’ಯಲ್ಲಿ ಹಳೆಯ ಸಲಿಗೆಯಿತ್ತು. ಅಷ್ಟು ಹಗುರವಾಗಿ ಆ ಪದ ಬಾಯಿಗೆ ಬರಬೇಕಾದರೆ ಎಷ್ಟೋ ಕಾಲದ ಒಡನಾಟ ಬೇಕು. ತನ್ನನ್ನು ಅವನು “ಮೇಡಂ” ಎನ್ನುತ್ತಿದ್ದ. ಒಮ್ಮೊಮ್ಮೆ ಧೈರ್ಯ ಬಂದರೆ “ಏನ್ರೀ” ಎನ್ನುತ್ತಿದ್ದ. ಆ ಒಂದು “ಏನ್ರೀ”ಯನ್ನೇ ಅವಳು ಸಂಜೆಯ ಬಸ್ಸಿನಲ್ಲಿ ಮನಸ್ಸಿನೊಳಗೆ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತ ಮನೆಗೆ ಹೋಗುತ್ತಿದ್ದಳು.

ಪತ್ತೇದಾರಿ ಎಂಬುದು ಅತ್ತಿಗೆ ಇಟ್ಟ ಅಡ್ಡಹೆಸರು. ಕಂಪ್ಯೂಟರ್‌ಗಳಲ್ಲಿ ಭದ್ರತೆಯ ಲೋಪ ಹುಡುಕುವುದು ಅವಳ ಉದ್ಯೋಗ. ಕಳ್ಳರಿಗಿಂತ ಮೊದಲೇ ಹೋಗಿ ಬಾಗಿಲು, ಚಿಲಕ ಅಲ್ಲಾಡಿಸಿ ನೋಡುವಂಥ ಕೆಲಸ. ಈ ವಾಚನಾಲಯದ ಕಂಪ್ಯೂಟರ್‌ಗಳನ್ನು ಪರೀಕ್ಷಿಸಲು ಆಡಳಿತ ಮಂಡಳಿ ಅವಳ ಕಂಪನಿಯನ್ನು ಕೇಳಿಕೊಂಡಿತ್ತು. ಬೇಗನೆ ಮುಗಿಯಬಹುದಾಗಿದ್ದ ಕೆಲಸವನ್ನು ಅವಳು ಎಳೆಯುತ್ತಿದ್ದಳು. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಅವನು ಫೋನಿಟ್ಟ ಮೇಲೆ, ಕೇಳಬಾರದು ಎಂದುಕೊಂಡೇ ಕೇಳಿದಳು. “ಯಾರು, ಮನೆಯವರಾ?”

“ಅಲ್ಲಪ್ಪ. ನೀಲಿ ಕಿಟಕಿಯ ಒಡತಿ.”

ನೀಲಿ ಕಿಟಕಿ ಎಂದರೆ ಅಲ್ಲಿನ ಎಲ್ಲ ಕಂಪ್ಯೂಟರ್‌ಗಳಲ್ಲೂ ಇದ್ದ ಬ್ರೌಸರ್. ಪರದೆಯ ಮೂಲೆಯಲ್ಲಿದ್ದ ಪುಟ್ಟ ನೀಲಿ ಚಿತ್ರ ನೋಡಿ ಓದುಗರೆಲ್ಲ ಅದನ್ನು ಹಾಗೆ ಕರೆಯುತ್ತಿದ್ದರು. ಗ್ರಂಥಪಾಲಕನ ಜೊತೆ ಕಾಲೇಜಿನಲ್ಲಿ ಓದಿದ ಒಬ್ಬಳು ತಾನೇ ಬರೆದು, ಇಂದಿಗೂ ಒಬ್ಬಳೇ ನೋಡಿಕೊಳ್ಳುತ್ತಿದ್ದ ತಂತ್ರಾಂಶ ಅದು. ದಪ್ಪ ಅಕ್ಷರ, ಕೆಲವೇ ಗುಂಡಿ, ಜಾಹೀರಾತಿನ ಕಾಟವಿಲ್ಲ. ಲೋಕವೆಲ್ಲ ದೊಡ್ಡ ಕಂಪನಿಗಳ ಬ್ರೌಸರ್‌ಗೆ ಹೋದರೂ ಎಷ್ಟೋ ವಾಚನಾಲಯ, ಶಾಲೆ, ಸಣ್ಣ ಅಂಗಡಿಗಳ ಜನ ಇದನ್ನೇ ನೆಚ್ಚಿಕೊಂಡು ಕೂತಿದ್ದರು.

“ಹೊಸದು ಯಾವುದಾದ್ರೂ ಹಾಕ್ಬಹುದಲ್ವಾ?”

“ಯಾಕೆ? ಇದು ಕೈಗೆ ಒಗ್ಗಿಬಿಟ್ಟಿದೆ,” ಎಂದು ಅವನು ಪರದೆಯತ್ತ ನೋಡಿದ. ನೋಡುವಾಗ ಅವನ ಕಣ್ಣು ಮೃದುವಾಯಿತು. ದಿನವಿಡೀ ಪರದೆ ನೋಡುವವರ ನಡುವೆಯೇ ಬದುಕಿದ್ದ ಪತ್ತೇದಾರಿಗೆ, ಬರೀ ಪರದೆ ನೋಡಿ ಯಾರ ಕಣ್ಣೂ ಹಾಗಾಗುವುದಿಲ್ಲ ಎಂದು ಚೆನ್ನಾಗಿ ಗೊತ್ತಿತ್ತು.

ಉಳಿದದ್ದನ್ನು ಗಡಿಯಾರದ ತಾತ ಹೇಳಿದರು. ತಮ್ಮ ಗಡಿಯಾರದ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ದಿನವೂ ಅಲ್ಲಿಗೆ ಬಂದು ದೂರದಲ್ಲಿರುವ ಮೊಮ್ಮಗಳಿಗೆ ಮೇಲ್ ಬರೆಯುತ್ತಿದ್ದ ಹಿರಿಯರು ಅವರು. ಕೇಳದೆಯೇ ಹತ್ತಿರ ಬಂದು, ಒಂದು ಕಾಲದಲ್ಲಿ ನಮ್ಮ ಹುಡುಗ ಆ ಹುಡುಗಿಯನ್ನು ಮದುವೆಯಾಗ್ತೀಯಾ ಎಂದು ಕೇಳಿದ್ದನೆಂದೂ ಅವಳು ಒಲ್ಲೆ ಎಂದಳೆಂದೂ ತಿಳಿಸಿದರು. “ಪಾಪ, ಅವಳು ಬಿಟ್ಟು ಹೋದ್ರೂ ಇವನು ಅವಳ ಬ್ರೌಸರ್ ಬಿಡ್ಲಿಲ್ಲ ನೋಡಮ್ಮ,” ಎಂದರು, ಅದೊಂದು ದೊಡ್ಡ ಸದ್ಗುಣವೆಂಬಂತೆ.

ಪತ್ತೇದಾರಿ ಪರದೆಯಲ್ಲಿ ತೆರೆದಿದ್ದ ನೀಲಿ ಕಿಟಕಿಯನ್ನು ಪಟ್ಟನೆ ಮುಚ್ಚಿದಳು.

ಅವಳು ಅಣ್ಣ ಅತ್ತಿಗೆಯ ಜೊತೆ ಇದ್ದಳು. ಆ ಸಂಜೆ ಅತ್ತಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ, ಇವಳು ಪಕ್ಕದಲ್ಲಿ ಕೂತು ನೀಲಿ ಕಿಟಕಿಯನ್ನು ಜಾಡಿಸಿದಳು. ಅದರ ಅಡಿಪಾಯವೇ ಹಳತು. ಒಬ್ಬಳೇ ನೋಡಿಕೊಳ್ಳುವುದೆಂದರೆ ಅದೆಂಥ ಜಂಭ. ಅದನ್ನು ನಂಬಿ ಕೂತವರಿಗಾದರೂ ಬುದ್ಧಿ ಬೇಡವೇ. ಅತ್ತಿಗೆ ಒಂದು ಅಂಗಿಯ ಕಾಲರ್ ಮುಗಿಸಿ, ಇನ್ನೊಂದನ್ನು ತೆಗೆದುಕೊಂಡು, ತಲೆಯೆತ್ತದೆ ಕೇಳಿದಳು.

“ನೀನು ಬೈತಾ ಇರೋದು ಬ್ರೌಸರ್‌ಗಾ, ಬರೆದೋಳಿಗಾ?”

ಪತ್ತೇದಾರಿ ಎದ್ದು ಒಳಗೆ ಹೋದಳು.

ಮರುದಿನದಿಂದ ಅವಳು ಬೇರೆಲ್ಲ ಬಿಟ್ಟು ನೀಲಿ ಕಿಟಕಿಯ ಹಿಂದೆ ಬಿದ್ದಳು. ಸವತಿಯ ಮನೆಯ ಗೋಡೆಯನ್ನು ಉಗುರಿನಿಂದ ಕೆರೆಯುವವಳಂತೆ ಅದರ ಮೂಲೆ ಮೂಲೆ ಕೆರೆದಳು. ಗ್ರಂಥಪಾಲಕ ಅವಳ ಕುರ್ಚಿಯ ಹಿಂದೆ ಹಾದುಹೋಗುವಾಗ ಒಮ್ಮೆ ನಿಂತು, “ಊಟಕ್ಕೂ ಏಳ್ತಾ ಇಲ್ವಲ್ಲ, ಅಷ್ಟೊಂದು ಇಷ್ಟ ಆಗೋಯ್ತಾ ನಮ್ಮ ಬ್ರೌಸರ್?” ಎಂದು ಕಿಚಾಯಿಸಿದ. ಅವನ ತೋಳು ಅವಳ ಭುಜಕ್ಕೆ ತಗುಲಿಯೂ ತಗುಲದಂತೆ ಇತ್ತು. ಬೇರೆ ದಿನವಾಗಿದ್ದರೆ ಆ ಬಿಸುಪಿಗೇ ಅವಳು ಕರಗುತ್ತಿದ್ದಳು. ‘ನಮ್ಮ’ ಎಂಬ ಮಾತು ಎಲ್ಲವನ್ನೂ ಕೆಡಿಸಿತು.

ಕೊನೆಗೂ ಲೋಪ ಸಿಕ್ಕಿತು. ಸಣ್ಣದಲ್ಲ, ದೊಡ್ಡದೇ. ಒಂದು ಟ್ಯಾಬ್‌ನಲ್ಲಿ ಯಾವುದೋ ಕೆಟ್ಟ ಪುಟ ತೆರೆದಿದ್ದರೆ ಸಾಕು, ಪಕ್ಕದ ಟ್ಯಾಬ್‌ನಲ್ಲಿ ಒತ್ತುವ ಪಾಸ್‌ವರ್ಡನ್ನು ಆ ಪುಟ ಕದ್ದು ನೋಡಬಹುದಿತ್ತು. ಅವಳ ವೃತ್ತಿಯಲ್ಲಿ ಇಂಥದ್ದಕ್ಕೆ ಒಂದು ನಿಯಮವಿದೆ. ತಂತ್ರಾಂಶ ಬರೆದವರಿಗೆ ಮೊದಲು ಗುಟ್ಟಾಗಿ ತಿಳಿಸಬೇಕು, ತೂತು ಮುಚ್ಚಲು ಸಮಯ ಕೊಡಬೇಕು, ಆಮೇಲಷ್ಟೇ ಲೋಕಕ್ಕೆ ಹೇಳಬೇಕು. ಮೊದಲೇ ಡಂಗುರ ಹೊಡೆದರೆ ಅದು ಕಳ್ಳರಿಗೆ ದಾರಿ ತೋರಿಸಿದ ಹಾಗೆ.

ಬರೆದವಳಿಗೆ ಕಳಿಸಬೇಕಾದ ಮೇಲ್ ಅರ್ಧ ಟೈಪಾಗಿತ್ತು. ಆಗ ಗ್ರಂಥಪಾಲಕ ಎಂದಿನಂತೆ ಕಾಫಿ ತಂದು ಅವಳ ಮುಂದಿಟ್ಟು, ತಾನೂ ಕುರ್ಚಿ ಎಳೆದುಕೊಂಡ. ಏನೋ ಹೇಳಲು ಬಾಯಿ ತೆರೆದ. ಅವನ ಫೋನು ಮೊಳಗಿತು. ಹೆಸರು ನೋಡಿ ಮುಖ ಅರಳಿಸಿಕೊಂಡು ಎದ್ದು ಹೊರಗೆ ಹೋದ. ಗಾಜಿನ ಬಾಗಿಲಿನಾಚೆ ಅವನು ತಲೆ ಹಿಂದಕ್ಕೆ ಹಾಕಿ ನಗುವುದು ಕಾಣುತ್ತಿತ್ತು, ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಅವಳು ಆ ಮೇಲ್ ಅಳಿಸಿ ಹೊಸದೊಂದನ್ನು ಬರೆದಳು. ಲೋಪವನ್ನು ಎಳೆಎಳೆಯಾಗಿ ವಿವರಿಸಿ, ನೀಲಿ ಕಿಟಕಿಯನ್ನು ತಕ್ಷಣ ಕಿತ್ತುಹಾಕಬೇಕೆಂದು ಆಡಳಿತ ಮಂಡಳಿಗೆ ನೇರವಾಗಿ ಕಳಿಸಿದಳು. ಕಾಫಿ ಮುಟ್ಟಲಿಲ್ಲ.

ಮಂಡಳಿಯ ಅಧ್ಯಕ್ಷರು ಗಾಬರಿಯ ಮನುಷ್ಯ. ಬಾಗಿಲಿಗೆ ಎಚ್ಚರಿಕೆಯ ಚೀಟಿ ಅಂಟಿಸಿದರು, ಕಂಡಕಂಡವರಿಗೆ ಹೇಳಿದರು, ಪತ್ರಿಕೆಯವರು ಕೇಳಿದಾಗ ಇವಳ ವಿವರಣೆಯನ್ನೇ ಓದಿ ಹೇಳಿಬಿಟ್ಟರು. ಸುದ್ದಿ ಅಚ್ಚಾಯಿತು. ತೂತು ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಾದಾಗ ಅದನ್ನು ಮುಚ್ಚಬೇಕಾದವಳಿಗೆ ವಿಷಯವೇ ತಿಳಿದಿರಲಿಲ್ಲ. ವಾರ ಕಳೆಯುವುದರೊಳಗೆ ಗಡಿಯಾರದ ತಾತನ ಮೇಲ್ ಖಾತೆಗೆ ಯಾರೋ ನುಗ್ಗಿದರು. ತಾತ ಮನೆಯ ಕಂಪ್ಯೂಟರಿನಲ್ಲೂ ನೀಲಿ ಕಿಟಕಿಯನ್ನೇ ಇಟ್ಟುಕೊಂಡಿದ್ದರು, ಬಿಡಲು ಮನಸ್ಸಾಗಿರಲಿಲ್ಲ. ಮೊಮ್ಮಗಳು ಕಳಿಸಿದ್ದ ಫೋಟೋಗಳೆಲ್ಲ ಆ ಖಾತೆಯಲ್ಲಿದ್ದವು. ತಾತ ಬಂದು ತಮ್ಮ ಎಂದಿನ ಜಾಗದಲ್ಲಿ ಕೂತು ಕಪ್ಪು ಪರದೆಯನ್ನು ನೋಡುತ್ತಿದ್ದರು. ಯಾರನ್ನೂ ಬೈಯಲಿಲ್ಲ.

ಗ್ರಂಥಪಾಲಕ ಅವಳನ್ನು ಪುಸ್ತಕದ ಕಪಾಟುಗಳ ನಡುವೆ ಕರೆದ. ದನಿ ಎತ್ತಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು.

“ಅವಳಿಗೆ ಒಂದು ಮಾತು ಹೇಳಿದ್ರೆ ಅವತ್ತೇ ಸರಿ ಮಾಡ್ತಿದ್ಲು. ನೀನು ಹೀಗೆ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ.”

ಅವನ ಬಾಯಿಂದ ಮೊದಲ ಬಾರಿ ‘ನೀನು’ ಬಂದದ್ದು ಹೀಗೆ. ನಾಚಿಕೆಯಿಂದ ತಲೆ ತಗ್ಗಿಸಿದ್ದ ಅವಳಿಗೆ, ಆ ಗಳಿಗೆಯಲ್ಲೂ ಆ ಪದ ಸಿಹಿಯಾಗಿಯೇ ಕೇಳಿಸಿತು. ಅದಕ್ಕಾಗಿ ಇನ್ನಷ್ಟು ನಾಚಿಕೆಯಾಯಿತು.

ಅವಳು ಅಲ್ಲಿಂದ ನೇರವಾಗಿ ನೀಲಿ ಕಿಟಕಿಯ ಒಡತಿಯ ಮನೆ ಹುಡುಕಿಕೊಂಡು ಹೋದಳು. ಊರಿನ ಇನ್ನೊಂದು ತುದಿಯಲ್ಲಿ, ಲಾಂಡ್ರಿಯೊಂದರ ಮೇಲಿನ ಮಹಡಿ. ಮೆಟ್ಟಿಲಲ್ಲೆಲ್ಲ ಸೋಪಿನ ವಾಸನೆ. ಬಾಗಿಲು ತೆಗೆದವಳ ಕೂದಲು ಕೆದರಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಆದರೂ ಚೆಂದವಿದ್ದಳು. ಚೆಂದವಿರದಿದ್ದರೆ ತನ್ನ ತಪ್ಪು ಒಪ್ಪಿಕೊಳ್ಳುವುದು ಎಷ್ಟು ಸುಲಭವಾಗುತ್ತಿತ್ತು ಎಂದುಕೊಂಡಳು ಪತ್ತೇದಾರಿ.

“ಆ ಲೋಪ ಹುಡುಕಿದ್ದು ನಾನು. ಮುಚ್ಚೋಕೆ ಸಹಾಯ ಮಾಡೋಣ ಅಂತ ಬಂದೆ.”

ಒಡತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ಪಕ್ಕಕ್ಕೆ ಹಾಕಿ ಜಾಗ ಮಾಡಿಕೊಟ್ಟಳು.

ಒಂದೇ ಮೇಜಿಗೆ ಮೊಣಕೈ ಊರಿ ಇಬ್ಬರೂ ಇಡೀ ದಿನ ದುಡಿದರು. ಒಡತಿಯ ಬರವಣಿಗೆ ಅಚ್ಚುಕಟ್ಟಾಗಿತ್ತು. ಜಂಭದ್ದೆಂದು ಬೈದಿದ್ದೆನಲ್ಲ ಎಂದು ಪತ್ತೇದಾರಿಗೆ ಒಳಗೊಳಗೇ ಚುಚ್ಚಿತು. ಮೆಚ್ಚಿಕೊಂಡಷ್ಟೂ ಹೊಟ್ಟೆಕಿಚ್ಚು ಹೆಚ್ಚಾಯಿತು. ಇಂಥವಳನ್ನು ಯಾರು ಮರೆತಾರು? ಸಂಜೆಗೆ ತೂತು ಮುಚ್ಚಿತು, ಆದರೆ ಅದರ ಕೆಳಗಿನ ಅಡಿಪಾಯ ನಿಜಕ್ಕೂ ಹಳೆಯದಾಗಿತ್ತು. ಇಂದು ಇಲ್ಲಿ ಮುಚ್ಚಿದರೆ ನಾಳೆ ಅಲ್ಲಿ ತೆರೆದುಕೊಳ್ಳುವುದು ಇಬ್ಬರಿಗೂ ಕಂಡಿತು.

“ಇನ್ನು ಸಾಕು, ನಿಲ್ಲಿಸಿಬಿಡ್ತೀನಿ,” ಎಂದಳು ಒಡತಿ, ಹೊರೆ ಇಳಿಸಿದವಳಂತೆ. “ಎಷ್ಟೋ ಸಲ ನಿಲ್ಲಿಸ್ಬೇಕು ಅಂತ ಇದ್ದೆ. ಪ್ರತಿ ಸಲ ಅವನು ಫೋನ್ ಮಾಡಿ ನಮ್ಮ ಓದುಗರು ಹೀಗಂದ್ರು, ಹಾಗಂದ್ರು ಅಂತಾನೆ. ಅವನನ್ನ ಒಂದ್ಸಲ ಬೇಡ ಅಂದಿದ್ದೀನಿ. ಇನ್ನೊಂದ್ಸಲ ಹೇಳೋಕೆ ಮನಸ್ಸು ಬರ್ಲಿಲ್ಲ.” ಸ್ವಲ್ಪ ತಡೆದು ಕೇಳಿದಳು. “ಈಚೆಗೆ ಫೋನ್ ಮಾಡಿದಾಗೆಲ್ಲ ಅವನು ಹೇಳೋ ಪರೀಕ್ಷೆ ಮಾಡೋ ಹುಡುಗಿ ನೀನೇನಾ?”

“ಏನಂತಾರೆ?”

“ಕಾಫಿ ಕೊಟ್ರೆ ಕುಡಿಯೋದೂ ಮರೆತುಬಿಡ್ತಾಳೆ ಅಂತ ನಗ್ತಾ ಇದ್ದ.”

ಪತ್ತೇದಾರಿ ಕೀಬೋರ್ಡಿನಿಂದ ಕೈ ತೆಗೆದಳು. ಗಾಜಿನಾಚೆಯ ಆ ನಗು ತನ್ನದೇ ವಿಷಯಕ್ಕಾಗಿತ್ತು.

ಮರುದಿನ ಅವಳು ತಾತನ ಜೊತೆ ಕೂತು, ಮೇಲ್ ಕಂಪನಿಯವರೊಂದಿಗೆ ಹಟ ಹಿಡಿದು ಮಾತಾಡಿ ಖಾತೆಯನ್ನು ವಾಪಸ್ ಪಡೆದಳು. ಫೋಟೋಗಳು ಇದ್ದವು. ಮಂಡಳಿಯವರಿಗೆ ತಾನು ನಿಯಮ ಮುರಿದದ್ದನ್ನು ಬರೆದು ತಿಳಿಸಿದಳು, ಕಂಪನಿಯ ಛೀಮಾರಿಯನ್ನೂ ತೆಪ್ಪಗೆ ಕೇಳಿಕೊಂಡಳು. ಆಮೇಲೆ ಗ್ರಂಥಪಾಲಕನ ಮೇಜಿನ ಮುಂದೆ ನಿಂತಳು.

“ನಿಯಮ ನಂಗೆ ಗೊತ್ತಿರ್ಲಿಲ್ಲ ಅಂತಲ್ಲ. ಗೊತ್ತಿದ್ದೇ ಮಾಡಿದೆ. ನೀವು ಅವರ ಜೊತೆ ನಗೋದನ್ನ ನೋಡೋಕಾಗ್ಲಿಲ್ಲ.”

ಅವನು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ. ಕಿವಿ ಕೆಂಪಾಗಿತ್ತು. “ನಂಗೆ ಸ್ವಲ್ಪ ಟೈಮ್ ಬೇಕು,” ಎಂದಷ್ಟೇ ಹೇಳಿದ.

ನೀಲಿ ಕಿಟಕಿ ನಿಂತಿತು. ಹೊಸ ಬ್ರೌಸರ್ ಬಂತು. ಓದುಗರ ಗೊಣಗಾಟಕ್ಕೆ ಕೊನೆಯಿರಲಿಲ್ಲ. ಅಕ್ಷರ ಸಣ್ಣ, ಗುಂಡಿ ಜಾಸ್ತಿ, ಇದಕ್ಕೆ ಮುಖವೇ ಇಲ್ಲ ಎಂದರು. ಪತ್ತೇದಾರಿ ಪ್ರತಿ ಶನಿವಾರ ಬಂದು ಒಬ್ಬೊಬ್ಬರ ಪಕ್ಕ ಕೂತು ಕಲಿಸಿದಳು. ಎಲ್ಲರಿಗಿಂತ ಮೊಂಡು ವಿದ್ಯಾರ್ಥಿ ಗ್ರಂಥಪಾಲಕನೇ. ಹಳೆಯ ಗುಂಡಿ ಇದ್ದ ಜಾಗಕ್ಕೇ ಅವನ ಕೈ ಹೋಗುತ್ತಿತ್ತು, ಅಲ್ಲಿ ಏನೂ ಇರುತ್ತಿರಲಿಲ್ಲ. ಅವನು ಹಾಗೆ ಖಾಲಿ ಮೂಲೆ ನೋಡುತ್ತ ಕೂತಾಗಲೆಲ್ಲ ಅವಳ ಎದೆ ಉರಿಯುತ್ತಿತ್ತು. ಇಲ್ಲದ ಬ್ರೌಸರ್‌ನ ಮೇಲೂ ಮತ್ಸರ. ಆದರೂ ಅವಳು ಏನೂ ಅನ್ನದೆ, ಮೌಸ್ ಹಿಡಿದ ಅವನ ಕೈಯ ಮೇಲೆ ತನ್ನ ಕೈಯಿಟ್ಟು ಸರಿಯಾದ ಜಾಗಕ್ಕೆ ಒಯ್ಯುತ್ತಿದ್ದಳು. ಒಂದು ಶನಿವಾರ ಗುಂಡಿ ಸಿಕ್ಕ ಮೇಲೂ ಅವನು ಕೈ ತೆಗೆಯಲಿಲ್ಲ.

“ಅವಳ ಮೇಲೆ ಇದ್ದದ್ದು ಯಾವತ್ತೋ ಮುಗಿದಿತ್ತು,” ಎಂದ, ಪರದೆ ನೋಡುತ್ತಲೇ. “ಅಭ್ಯಾಸ ಉಳ್ಕೊಂಡಿತ್ತು. ಅದನ್ನೇ ಪ್ರೀತಿ ಅಂದ್ಕೊಂಡು ಕೂತಿದ್ದೆ.”

ಮುಂದಿನ ಭಾನುವಾರ ಅವನು ಅವಳ ಮನೆಗೇ ಬಂದ. ಅಣ್ಣ ಬಾಗಿಲು ತೆಗೆದು, ಯಾರೆಂದು ತಿಳಿಯದೆ ನಿಂತ. ಅತ್ತಿಗೆ ಮಾತ್ರ ಒಂದೇ ನೋಟಕ್ಕೆ ತಿಳಿದುಕೊಂಡು, ಗಂಡನನ್ನು ಏನೋ ನೆಪ ಹೇಳಿ ಒಳಗೆ ಕರೆದೊಯ್ದಳು. ಪತ್ತೇದಾರಿ ಒದ್ದೆ ಕೂದಲಿನಲ್ಲೇ ಹೊರಗೆ ಬಂದಳು.

“ಬೆಳಿಗ್ಗೆ ಅವಳು ಫೋನ್ ಮಾಡಿದ್ಲು,” ಎಂದ ಅವನು.

ಅವಳ ಹುಬ್ಬು ಗಂಟಾಯಿತು. “ಯಾಕಂತೆ? ಬ್ರೌಸರ್ ಮುಗೀತಲ್ಲ.”

“ನಿನ್ನ ವಿಷಯ ಕೇಳಿದ್ಲು. ಮದುವೆ ಯಾವಾಗ ಅಂತ.”

“ನೀವೇನಂದ್ರಿ?”

“ಇನ್ನೂ ಕೇಳಿಲ್ಲ, ಈಗ ಕೇಳೋಕೆ ಹೊರಟಿದೀನಿ ಅಂದೆ.” ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ, ಬೀಳುವ ಭಯವಿದ್ದವನಂತೆ. “ಕೇಳ್ತಾ ಇದೀನಿ.”

ಒಳಗೆ ಪಾತ್ರೆಗಳ ಸದ್ದು ನಿಂತುಹೋಯಿತು. ಅತ್ತಿಗೆ ಕಿವಿಗೊಟ್ಟಿದ್ದಳು.

ಪತ್ತೇದಾರಿ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ, ಅವನ ಅಂಗಿಯ ಜೇಬಿನಿಂದ ಫೋನನ್ನು ತಾನೇ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

“ಆಯ್ತು,” ಎಂದಳು. “ಆದ್ರೆ ಇನ್ಮೇಲೆ ಅವಳ ಫೋನ್ ಬಂದ್ರೆ ನಾನೇ ಎತ್ತೋದು.”