ಹನ್ನೊಂದು ಟಟ್ಟುಗಳ ಒಂದೇ ಕೂದಲು

2007ರ ಜೂನ್ 17, ಭಾನುವಾರ. ಸಂಜೆ 4 ಗಂಟೆ 46 ನಿಮಿಷಕ್ಕೆ ದಕ್ಷಿಣ ದೆಹಲಿಯ ವಸಂತ್ ಕುಂಜ್ ಠಾಣೆಗೆ ಕಂಟ್ರೋಲ್ ರೂಮಿನಿಂದ ವೈರ್‌ಲೆಸ್ ಸಂದೇಶ ಬಂತು. ಹೆಸರು ಹೇಳದ ಗಂಡಸೊಬ್ಬ 100ಕ್ಕೆ ಫೋನ್ ಮಾಡಿ, ಪರ್ವತ ಅಶ್ವತಳಿ ಟ್ರಸ್ಟ್‌ನ ಕೋಲ್ಡ್ ರೂಮಿನಲ್ಲಿ ಮೇಡಂ ಒಬ್ಬರು ಸಿಕ್ಕಿಕೊಂಡಿದ್ದಾರೆ ಎಂದಿದ್ದ. ಇನ್‌ಸ್ಪೆಕ್ಟರ್ ಚಂದ್ರಕಾಂತ ಅದನ್ನು ಠಾಣೆಯ ದಿನಚರಿಯಲ್ಲಿ ಬರೆಸಿ, ಹೆಡ್ ಕಾನ್‌ಸ್ಟೇಬಲ್ ರಾಮ್‌ಮೆಹರ್‌ನನ್ನು ಕರೆದುಕೊಂಡು ಜೀಪು ಹತ್ತಿದ.

ಟ್ರಸ್ಟ್‌ನ ಗೇಟಿನಲ್ಲಿದ್ದ ವಾಚ್‌ಮನ್‌ಗೆ ಏನೂ ಗೊತ್ತಿರಲಿಲ್ಲ. ಪ್ರಯೋಗಾಲಯದ ಮೂಲೆಯಲ್ಲಿದ್ದ ಕೋಲ್ಡ್ ರೂಮಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ರಾಮ್‌ಮೆಹರ್ ಅದನ್ನು ಎಳೆದು ತೆಗೆದ. ಹೊರಗೆ 44 ಡಿಗ್ರಿ ಸೆಕೆ. ಒಳಗಿನ ಮೀಟರ್ ನಾಲ್ಕು ತೋರಿಸುತ್ತಿತ್ತು. ಎರಡು ಕಪಾಟುಗಳ ನಡುವೆ ಸುಮಾರು ನಲವತ್ತು ವರ್ಷದ ಹೆಂಗಸೊಬ್ಬರು ರಟ್ಟಿನ ಪೆಟ್ಟಿಗೆಗಳನ್ನು ಹರಿದು ಮೈಗೆ ಸುತ್ತಿಕೊಂಡು ಮುದುರಿ ಕೂತಿದ್ದರು. ತುಟಿ ನೀಲಿಯಾಗಿತ್ತು. ನಡುಕ ಆಗಲೇ ನಿಂತುಹೋಗಿತ್ತು.

ಅವರು ಟ್ರಸ್ಟ್‌ನ ಸಂಶೋಧಕಿ ಡಾ. ಚಂದ್ರಪ್ರಭಾ. ಅವರನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ಚಂದ್ರಕಾಂತ ಬಾಗಿಲನ್ನು ಪರೀಕ್ಷಿಸಿದ. ಒಳಗಿನಿಂದ ತೆರೆಯುವ ಹಿಡಿ ಮುರಿದಿತ್ತು. ರಿಪೇರಿಗೆಂದು ಮಾರ್ಚ್ ತಿಂಗಳಿನಿಂದ ಮೂರು ಅರ್ಜಿಗಳು ಫೈಲಿನಲ್ಲೇ ಉಳಿದಿದ್ದವು.

ಟ್ರಸ್ಟ್‌ನ ಕಾರ್ಯದರ್ಶಿ, ಸೈನ್ಯದ ಪಶುವೈದ್ಯಕೀಯ ದಳದಿಂದ ನಿವೃತ್ತರಾದ ಕರ್ನಲ್ ಕಾರ್ಯಪ್ಪ ಆರು ಗಂಟೆಗೆ ಬಂದರು. ಇನ್‌ಸ್ಪೆಕ್ಟರ್ ಹೆಸರಿನ ಬಿಲ್ಲೆ ನೋಡಿ ಕನ್ನಡದಲ್ಲೇ ಮಾತಾಡಿದರು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಯಾವ ಬೀಗವೂ ಒಡೆದಿರಲಿಲ್ಲ. ಕಾಣೆಯಾಗಿದ್ದು ಎರಡೇ ವಸ್ತು: ಮೇಜಿನ ಖಾನೆಯಲ್ಲಿದ್ದ ಕುದುರೆ ಕೂದಲಿನ ಹನ್ನೊಂದು ಕಾಗದದ ಪೊಟ್ಟಣಗಳು ಮತ್ತು ಒಂದು ದಪ್ಪ ರಿಜಿಸ್ಟರ್.

"ರಿಜಿಸ್ಟರ್ ಅಂದ್ರೆ ಏನು ಸರ್?"

"ರುಪ್ಸಾ ಟಟ್ಟುಗಳ ನೋಂದಣಿ ಪುಸ್ತಕ. ಹಿಮಾಚಲದ ಒಂದೇ ಒಂದು ಕಣಿವೆಯಲ್ಲಿ ಉಳಿದಿರೋ ತಳಿ ಅದು. ಗಿಡ್ಡ ಕುದುರೆ, ಮಂಜಲ್ಲೂ ಹೊರೆ ಹೊರುತ್ತೆ. ಎಲ್ಲಾ ಸೇರಿ ಇನ್ನೂರು ಕೂಡ ಇಲ್ಲ. ಯಾವ ತಾಯಿಗೆ ಯಾವ ಮರಿ ಅಂತ ಬರೆದಿರೋದು ಆ ಪುಸ್ತಕದಲ್ಲಿ ಮಾತ್ರ."

"ಕೂದಲು ಯಾಕೆ?"

"ಈಚೆಗೆ ಮರಿಗಳು ಸಾಯ್ತಾ ಇವೆ. ಚೆನ್ನಾಗೇ ಹುಟ್ಟುತ್ತೆ, ಮೂರನೇ ದಿನ ಏಳೋಕಾಗಲ್ಲ. ತಂದೆ ತಾಯಿ ಇಬ್ಬರ ರಕ್ತದಲ್ಲೂ ದೋಷ ಇದ್ದರೆ ಹಾಗಾಗುತ್ತೆ. ಕೂದಲ ಬುಡದಿಂದ ಅದನ್ನ ಪತ್ತೆ ಮಾಡ್ತಾರೆ. ದೋಷ ಇರೋ ಎರಡನ್ನ ಜೋಡಿ ಮಾಡಬಾರದು. ಡಾಕ್ಟರ ಕೆಲಸ ಅದೇ."

"ನಿಮಗೆ ಯಾರ ಮೇಲಾದರೂ ಅನುಮಾನ?"

"ನೋರ್ಬು ಅಂತ ಒಬ್ಬ ಟಟ್ಟು ಸಾಕೋನು. ಅವನ ಮರಿ ಸತ್ತಿದೆ. ಶನಿವಾರ ಆಫೀಸಿಗೆ ಬಂದು ಕೂಗಾಡಿ ಹೋದ."

"ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ತಿರ, ಡಾಕ್ಟರ ಹತ್ತಿರ, ನೋಂದಣಿ ನೋಡಿಕೊಳ್ಳೋ ಅನಂತಮೂರ್ತಿ ಹತ್ತಿರ. ಅವರು ನನ್ನ ಜೊತೆ ದಳದಲ್ಲಿ ಗುಮಾಸ್ತರಾಗಿದ್ದೋರು. ದೇವರಂಥ ಮನುಷ್ಯ."

ರಾತ್ರಿಯೂಟಕ್ಕೆ ಮುಂಚೆ ಕರ್ನಲ್ ಅವರ ದೂರಿನ ಮೇಲೆ ಎಫ್.ಐ.ಆರ್. ದಾಖಲಾಯಿತು: ಅಕ್ರಮ ಬಂಧನ, ಕಳವು, ಪ್ರಾಣಹಾನಿಯ ಯತ್ನ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೈದ್ಯರ ಅನುಮತಿ ಸಿಕ್ಕಿತು. ಚಂದ್ರಪ್ರಭಾ ಎರಡು ಕಂಬಳಿ ಹೊದ್ದು ಮಲಗಿದ್ದರು.

"ಯಾರನ್ನಾದ್ರೂ ನೋಡಿದ್ರಾ ಮೇಡಂ?"

"ಇಲ್ಲ. ಒಂದೂ ಕಾಲಿಗೆ ಒಳಗೆ ಹೋದೆ. ಬೆನ್ನು ಬಾಗಿಲ ಕಡೆ ಇತ್ತು. ಒಂದೂವರೆ ಹೊತ್ತಿಗೆ ಚಿಲಕ ಬಿದ್ದಿದ್ದು ಕೇಳಿಸ್ತು. ಮೊಬೈಲ್ ಹೊರಗೆ ಮೇಜಿನ ಮೇಲಿತ್ತು." ಕಂಬಳಿಯನ್ನು ಕುತ್ತಿಗೆವರೆಗೆ ಎಳೆದುಕೊಂಡು ಮುಂದುವರಿಸಿದರು. "ಎರಡೂವರೆ ಹೊತ್ತಿಗೆ ಕರೆಂಟ್ ಹೋಯ್ತು. ಫ್ಯಾನು, ದೀಪ ಎಲ್ಲ ನಿಂತ್ವು. ಬದುಕಿದೆ ಅಂದ್ಕೊಂಡೆ. ಒಂದು ನಿಮಿಷ ಅಷ್ಟೆ. ಜನರೇಟರ್ ಶುರುವಾಯ್ತು."

"ಭಾನುವಾರ ಯಾಕೆ ಹೋಗಿದ್ರಿ?"

"ದೋಷ ಇಲ್ಲ ಅಂತ ಎರಡು ವರ್ಷದ ಹಿಂದೆ ಬಂದಿದ್ದ ಹನ್ನೊಂದು ಹೆಣ್ಣು ಕುದುರೆಗಳ ಕೂದಲನ್ನ ಈ ಸಲ ಪೂರ್ತಿ ಪರೀಕ್ಷೆ ಮಾಡಿದೆ, ಎಲ್ಲಾ ಒಂದೇ ಥರ ಬಂದಿತ್ತು. ಅಕ್ಕತಂಗಿಯರ ಹಾಗಲ್ಲ, ಒಂದೇ ಪ್ರಾಣಿಯ ಹಾಗೆ. ಪೊಟ್ಟಣ ನಾನೇ ಅದಲುಬದಲು ಮಾಡಿದ್ದೀನಿ ಅಂದ್ಕೊಂಡೆ. ಸೋಮವಾರ ಮತ್ತೆ ನೋಡೋಣ, ರಿಜಿಸ್ಟರ್ ತೆಗೆದಿಟ್ಟಿರಿ ಅಂತ ಅನಂತಮೂರ್ತಿಯವರ ಮೇಜಿನ ಮೇಲೆ ಶನಿವಾರ ಚೀಟಿ ಇಟ್ಟಿದ್ದೆ. ಆಮೇಲೆ ಮನಸ್ಸು ತಡೀಲಿಲ್ಲ. ಭಾನುವಾರವೇ ಬಂದೆ."

ಮಧ್ಯಾಹ್ನ ಅನಂತಮೂರ್ತಿ ಕರೆಸದೆಯೇ ಠಾಣೆಗೆ ಬಂದರು. ಐವತ್ತಾರು ವರ್ಷ, ಇಸ್ತ್ರಿ ಮಾಡಿದ ಬಿಳಿ ಅರ್ಧತೋಳಿನ ಅಂಗಿ. ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದರು:

"ಡಾಕ್ಟರಮ್ಮ ಹೇಗಿದ್ದಾರೆ?"

"ಪರವಾಗಿಲ್ಲ. ನಿನ್ನೆ ಎಲ್ಲಿದ್ರಿ?"

"ಮನೇಲೇ. ಪೀತಮ್‌ಪುರದಲ್ಲಿ. ಇಡೀ ದಿನ."

"ಚೀಟಿ ನೋಡಿದ್ರಾ?"

"ಯಾವ ಚೀಟಿ?"

ಚಂದ್ರಕಾಂತ ಹೇಳಿಕೆ ಬರೆದುಕೊಂಡು ಕಳಿಸಿದ.

ಸಂಜೆ ಉತ್ತರ ದೆಹಲಿಯ ಮಜ್ನೂ ಕಾ ಟೀಲಾದ ಒಂದು ಲಾಡ್ಜಿನಲ್ಲಿ ನೋರ್ಬು ಸಿಕ್ಕ. ಅರವತ್ತರ ಹತ್ತಿರದವನು, ಬಿಸಿಲಿಗೆ ಸೋತು ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡಿದ್ದ. ಭಾನುವಾರ ಮಧ್ಯಾಹ್ನವೆಲ್ಲ ಅವನಿಗೆ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಹಾಕಿದ್ದರು. ರಾಮ್‌ಮೆಹರ್ ಕ್ಲಿನಿಕ್ಕಿಗೆ ಹೋಗಿ ಖಚಿತ ಮಾಡಿಕೊಂಡು ಬಂದ.

"ಮತ್ತೆ ಶನಿವಾರ ಕೂಗಾಡಿದ್ದು ಯಾಕೆ?" ಚಂದ್ರಕಾಂತ ಹಿಂದಿಯಲ್ಲಿ ಕೇಳಿದ.

"ನನ್ನ ಗಂಡು ಟಟ್ಟುವಿಗೆ ಒಂದು ಹೆಣ್ಣು ಕೊಟ್ಟರು, ಸಾಹೇಬ್. ಅದರ ತಂದೆ ತಾಯಿ ಇಬ್ಬರಿಗೂ ದೋಷ ಇಲ್ಲ, ಧೈರ್ಯವಾಗಿ ಜೋಡಿ ಮಾಡು ಅಂತ ಕಾಗದ ಕೊಟ್ಟರು. ಮರಿ ಮೂರನೇ ದಿನ ಸತ್ತಿತು. ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಕಾಗದದಲ್ಲಿ ತಾಯಿಯ ಹೆಸರು ಓದಿಸಿದೆ. ನನ್ನದೇ ಹಳೇ ಕುದುರೆ."

"ಅಂದರೆ?"

"ಅದು ಹಿಮ ಕುಸಿದು ಸತ್ತು ಆರು ವರ್ಷವಾಯಿತು. ನಾನೇ ಕಾಗದ ಬರೆಸಿ ತಿಳಿಸಿದ್ದೆ. ಇವರ ಪುಸ್ತಕದಲ್ಲಿ ಇನ್ನೂ ಮರಿ ಹಾಕುತ್ತಿದೆ."

ಚಂದ್ರಕಾಂತ ಪೆನ್ನಿನ ಮುಚ್ಚಳ ಹಾಕಿದ. ಹನ್ನೊಂದು ಪೊಟ್ಟಣ ಯಾಕೆ ಹೋದವು ಎಂಬುದು ಈಗ ಅರ್ಥವಾಗಿತ್ತು. ಸತ್ತ ಕುದುರೆಗಳಿಂದ ಕೂದಲು ಸಿಗುವುದಿಲ್ಲ. ಯಾರೋ ಬದುಕಿರುವ ಒಂದರಿಂದ ಕಿತ್ತು ಹನ್ನೊಂದು ಹೆಸರು ಬರೆದಿದ್ದರು.

ಮಂಗಳವಾರ ಬೆಳಿಗ್ಗೆ ಕಂಟ್ರೋಲ್ ರೂಮಿನಿಂದ ಕರೆಯ ಧ್ವನಿಮುದ್ರಣ ಬಂತು. ಜಾಗದ ಹೆಸರು ಹೇಳಿದ ಮೇಲೆ ಹಿಂದಿಯಲ್ಲಿ ಎರಡೇ ವಾಕ್ಯ, ಮೇಡಂ ಒಳಗೆ ಸಿಕ್ಕಿಕೊಂಡಿದ್ದಾರೆ, ಬೇಗ ಬಾಗಿಲು ತೆಗೆಯಿರಿ ಎಂದು: "ಮೇಡಂ ಅಂದರ್ ಫಸ್ ಗಯಾ ಹೈ. ಜಲ್ದಿ ದರ್ವಾಜಾ ಖೋಲೋ."

ರಾಮ್‌ಮೆಹರ್ ನಕ್ಕ. "ಮೇಡಂ ಫಸ್ ಗಯಾ ಅಂತೆ, ಜನಾಬ್. ಗಯೀ ಅನ್ನಬೇಕಿತ್ತು. ಹೆಂಗಸನ್ನ ಗಂಡಸು ಮಾಡಿಬಿಟ್ಟ."

ಚಂದ್ರಕಾಂತ ನಗಲಿಲ್ಲ. ಅವನ ತಂದೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು, ಆರ್.ಕೆ. ಪುರಂನ ಕ್ವಾರ್ಟರ್ಸಿನಲ್ಲಿ ಬಾಳಿ, ಕೊನೆಯವರೆಗೂ ತರಕಾರಿ ಭಯ್ಯಾನ ಹತ್ತಿರ ಇದೇ ತಪ್ಪು ಮಾಡುತ್ತಿದ್ದರು. ಮನೆಯ ಕನ್ನಡ ಹಿಂದಿಯೊಳಗಿಂದ ಹೀಗೆ ಇಣುಕುತ್ತಿತ್ತು.

ಕರೆ ಬಂದಿದ್ದು ಧೌಲಾ ಕುಆಂ ಬಸ್ ನಿಲ್ದಾಣದ ಎಸ್.ಟಿ.ಡಿ. ಬೂತಿನಿಂದ. ಬೂತಿನವನಿಗೆ ನೆನಪಿತ್ತು: ಬಿಳಿ ಅರ್ಧತೋಳಿನ ಅಂಗಿ, ರೆಕ್ಸಿನ್ ಚೀಲ, ಮಾತು ಮುಗಿದ ಮೇಲೂ ರಿಸೀವರ್ ಕೆಳಗಿಡದೆ ನಿಂತೇ ಇದ್ದ. ಐದಾರು ಫೋಟೋ ಮುಂದಿಟ್ಟಾಗ ಅವನು ಅನಂತಮೂರ್ತಿಯದಕ್ಕೆ ಬೆರಳಿಟ್ಟ.

ಹನ್ನೊಂದೂವರೆಗೆ ಪೀತಮ್‌ಪುರದ ಮೂರನೇ ಮಹಡಿಯ ಫ್ಲಾಟಿನ ಬಾಗಿಲು ತೆರೆದವಳು ಮಗಳು ಲಾವಣ್ಯಾ, ಕಾಲೇಜು ಹುಡುಗಿ.

"ಅಪ್ಪ ಇದ್ದಾರಾ?"

"ಹಾಂ ಅಂಕಲ್, ನಹಾ ರಹೇ ಹೈಂ. ಸ್ನಾನ."

"ಭಾನುವಾರ ಮನೇಲಿದ್ರಾ ಅವರು?"

"ಸಂಡೇ? ನಹೀಂ. ಆಫೀಸ್ ಗಯೇ ಥೇ. ಹೋಗಿದ್ರು. ಸಂಜೆ ಲೇಟ್ ಬಂದ್ರು, ಊಟ ಭೀ ಮಾಡಿಲ್ಲ." ಅಡಿಗೆಮನೆಯಿಂದ ಬಂದ ತಾಯಿ ಸುಶೀಲಮ್ಮ ಮಗಳ ತೋಳು ಹಿಡಿದರು. ಅಷ್ಟರಲ್ಲಿ ಮಾತು ಆಡಿ ಆಗಿತ್ತು.

ಅನಂತಮೂರ್ತಿ ಒದ್ದೆ ತಲೆಯಲ್ಲೇ ಬಂದು ಪೊಲೀಸರನ್ನು ನೋಡಿದರು. ಕಬ್ಬಿಣದ ಬೀರು ತೆರೆದು, ಸೀರೆಗಳ ಕೆಳಗಿನಿಂದ ರಿಜಿಸ್ಟರ್ ಮತ್ತು ಪೊಟ್ಟಣಗಳನ್ನು ತೆಗೆದು ಮಂಚದ ಮೇಲಿಟ್ಟರು. ನೆರೆಯವರಿಬ್ಬರನ್ನು ಕರೆದು ಜಪ್ತಿ ಪಂಚನಾಮೆ ಮಾಡಲಾಯಿತು.

"ಸುಟ್ಟು ಹಾಕಬಹುದಿತ್ತಲ್ಲ?" ಚಂದ್ರಕಾಂತ ಕೇಳಿದ.

"ಎರಡು ಸಲ ಬೆಂಕಿಪೊಟ್ಟಣ ತಗೊಂಡೆ. ಆಗಲಿಲ್ಲ ಸರ್."

12 ಗಂಟೆ 20 ನಿಮಿಷಕ್ಕೆ ಅವರನ್ನು ಬಂಧಿಸಲಾಯಿತು. ಲಾವಣ್ಯಾ ಮೆಟ್ಟಿಲವರೆಗೆ ಬಂದು, "ಪಾಪಾ, ಮೈನೇ ಕುಛ್ ಗಲತ್ ಬೋಲ್ ದಿಯಾ ಕ್ಯಾ?" ಎಂದಳು. "ಇಲ್ಲಮ್ಮ, ಸರಿಯಾಗೇ ಹೇಳಿದೆ. ಒಳಗೆ ಹೋಗು, ಅಮ್ಮನ ಹತ್ತಿರ ಇರು" ಎಂದರು ತಂದೆ.

ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ.

2001ರ ಫೆಬ್ರವರಿಯಲ್ಲಿ ಹಿಮ ಕುಸಿದು ಹನ್ನೊಂದು ಹೆಣ್ಣು ಟಟ್ಟುಗಳು ಸತ್ತಿದ್ದವು. ಮರಿ ಹಾಕುವ ಹೆಣ್ಣುಗಳ ಸಂಖ್ಯೆ ಐವತ್ನಾಲ್ಕರಿಂದ ನಲವತ್ಮೂರಕ್ಕೆ ಇಳಿಯಿತು. ಐವತ್ತಕ್ಕಿಂತ ಕಡಿಮೆಯಾದರೆ ತಳಿಯ ಮಾನ್ಯತೆ ರದ್ದಾಗಿ ಸಂರಕ್ಷಣಾ ಯೋಜನೆ ಮುಚ್ಚುವ ನಿಯಮವಿತ್ತು.

"ಒಂದೇ ವರ್ಷಕ್ಕೆ ಅಂತ ಪುಸ್ತಕದಲ್ಲಿ ಬದುಕಿಸಿಟ್ಟೆ. ಹೊಸ ಹೆಣ್ಣುಮರಿ ಬೆಳೆದ ಮೇಲೆ ಇವನ್ನ ತೆಗೆದುಬಿಡೋಣ ಅಂತ. ಆದರೆ ಬದುಕಿರೋ ಕುದುರೆ ಮರಿ ಹಾಕಬೇಕಲ್ಲ ಸರ್. ಹಾಕದಿದ್ರೆ ಯಾಕೆ ಅಂತ ಪ್ರಶ್ನೆ ಬರುತ್ತೆ. ಬೇರೆ ತಾಯಿಯರ ಮರಿಗಳನ್ನ ಇವುಗಳ ಹೆಸರಿಗೆ ಬರೆದೆ. ಆಮೇಲೆ ಆ ಮರಿಗಳೂ ಮರಿ ಹಾಕಿದ್ವು. ಒಂದನ್ನ ತೆಗೆದರೆ ಎಲ್ಲಾ ಬೀಳುತ್ತೆ. ಕೂದಲು ಕೇಳಿದಾಗ ಟ್ರಸ್ಟ್ ಲಾಯದಲ್ಲಿರೋ ಒಂದರ ಬಾಲದಿಂದ ಕಿತ್ತು ಕೊಟ್ಟೆ. ಅದಕ್ಕೆ ದೋಷ ಇರಲಿಲ್ಲ. ಹನ್ನೊಂದಕ್ಕೂ ದೋಷ ಇಲ್ಲ ಅಂತ ಬಂತು."

"ನೋರ್ಬುಗೆ ಹೋದ ಕಾಗದ?"

"ನಾನೇ ಟೈಪ್ ಮಾಡಿದ್ದು." ಅವರು ಕನ್ನಡಕ ತೆಗೆದರು. "ಅಂಥ ಮರಿಗಳು ಐದು ಸತ್ತಿವೆ. ಮೊದಲನೇದು ಸತ್ತಾಗಲೇ ಗೊತ್ತಾಗಿತ್ತು."

"ಡಾಕ್ಟರನ್ನ ಯಾಕೆ ಕೂಡಿಹಾಕಿದ್ರಿ?"

"ಶನಿವಾರವೇ ಚೀಟಿ ನೋಡಿದ್ದೆ. ಭಾನುವಾರ ಒಳಗೆ ಯಾರೂ ಇರಲ್ಲ ಅಂದ್ಕೊಂಡು ಹಿಂದಿನ ಲಾಯದ ಗೇಟಿಂದ ಹೋದೆ. ಚೀಲ ತುಂಬಿ ತಿರುಗಿದರೆ ಕೋಲ್ಡ್ ರೂಮಿನ ಬಾಗಿಲು ಅರ್ಧ ತೆರೆದಿತ್ತು, ಅವರ ಬೆನ್ನು ಕಾಣಿಸ್ತು. ಕೈ ತಾನಾಗೇ ಚಿಲಕ ಹಾಕ್ತು."

"ಹಿಡಿ ಮುರಿದಿರೋದು ಗೊತ್ತಿತ್ತು."

"ಮೂರು ಅರ್ಜಿನೂ ನಾನೇ ಫೈಲ್ ಮಾಡಿದ್ದು."

"ಒಂದೂವರೆಯಿಂದ ನಾಲ್ಕೂ ಮುಕ್ಕಾಲು. ಅಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ಧೌಲಾ ಕುಆಂಗೆ ಬಂದು ಮುದ್ರಿಕಾ ಬಸ್ ಹತ್ತಿದೆ. ರಿಂಗ್ ರೋಡ್ ಸುತ್ತುತ್ತಲ್ಲ, ಅದು. ಪ್ರತಿ ಸ್ಟಾಪಿನಲ್ಲೂ ಇಳಿದು ಫೋನ್ ಮಾಡಬೇಕು ಅಂದ್ಕೊಂಡೆ. ಇಳಿಯೋಕೆ ಆಗಲಿಲ್ಲ. ಊರೆಲ್ಲ ಸುತ್ತಿ ಬಸ್ಸು ಮತ್ತೆ ಅಲ್ಲಿಗೇ ಬಂತು. ಆಗ ಇಳಿದೆ."

ರಾಮ್‌ಮೆಹರ್ ನೀರು ತಂದಿಟ್ಟ.

"ಇನ್ನೇನಾದರೂ ಹೇಳೋದಿದೆಯಾ?"

"ಒಂದಿಷ್ಟು ಬಿಳಿ ಹಾಳೆ ಬೇಕು ಸರ್. ಯಾವ ಮರಿಯ ನಿಜವಾದ ತಾಯಿ ಯಾವುದು ಅಂತ ನನಗೊಬ್ಬನಿಗೇ ಗೊತ್ತು. ಬರೆದುಕೊಟ್ಟರೆ ಡಾಕ್ಟರಿಗೆ ಬೇಕಾಗುತ್ತೆ."

ಪೊಲೀಸರ ಮುಂದೆ ಹೀಗೆ ಬರೆದದ್ದು ತಪ್ಪೊಪ್ಪಿಗೆಯಾಗಿ ಕೋರ್ಟಿನಲ್ಲಿ ನಿಲ್ಲುವುದಿಲ್ಲವೆಂದು ಚಂದ್ರಕಾಂತನಿಗೆ ಗೊತ್ತಿತ್ತು. ಆದರೂ ಹಾಳೆ ತರಿಸಿಕೊಟ್ಟ. ಅನಂತಮೂರ್ತಿ ಗೆರೆ ಎಳೆದು, ಮರಿ, ತಾಯಿ, ಹುಟ್ಟಿದ ವರ್ಷ ಎಂದು ಮೂರು ಕಲಂ ಮಾಡಿ, ಎಲ್ಲೂ ತಡವರಿಸದೆ ಇಪ್ಪತ್ತಾರು ಮರಿಗಳನ್ನು ಬರೆದರು. ಕೊನೆಯ ಹಾಳೆಯಲ್ಲಿ ಹನ್ನೊಂದು ಹೆಸರುಗಳಿದ್ದವು. ಪ್ರತಿಯೊಂದರ ಎದುರಿಗೂ 'ಮೃತ, ಫೆಬ್ರವರಿ 2001' ಎಂದು ಬರೆದು, ಕೆಳಗೆ ಸಹಿ ಹಾಕಿ, ಪೆನ್ನನ್ನು ಇನ್‌ಸ್ಪೆಕ್ಟರ್ ಕಡೆ ಸರಿಸಿದರು.